ಬಾಣಂತಿಯನ್ನು ಕಡಲಿಗೆ ಕರೆದೊಯ್ದ ಅಕ್ಕ

ಎದುರಿಗಿದ್ದವರ ಭಾಷೆ ತನಗೆ ಬರುವುದಿಲ್ಲ ಎನ್ನುವುದು ನಮ್ಮಕ್ಕ ಹನುಮಕ್ಕನಿಗೆ ಎಂದೂ ಅಡ್ಡಿಯಾಗಲಿಲ್ಲ. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕಂಡಕಂಡವರನ್ನು ಮಾತಿಗೆಳೆಯುತ್ತಿದ್ದಂತೆಯೇ ನ್ಯೂಜಿಲೆಂಡಿನ ಆಕ್ಲೆಂಡ್ ಬಂದರಿನಲ್ಲೂ ಎಳೆದಳು. ಲಾಂಚಿನ ಬಾಗಿಲಲ್ಲಿ ಟಿಕೆಟ್ ನೋಡುವ ಎತ್ತರದ ಬಿಳಿಯನ ಮುಂದೆ ನಿಂತು, "ಏನಪ್ಪಾ, ಊಟ ಆಯ್ತಾ? ತಿನ್ನಾವಾ?" ಅನ್ನುವಳು. ಅವನು ಇಂಗ್ಲಿಷಿನಲ್ಲಿ ಏನೋ ಹೇಳಿ ನಗುವನು. ಅಕ್ಕ ನನ್ನ ಕಡೆ ತಿರುಗಿ, "ಆಯ್ತಂತೆ ಕಣೆ" ಎಂದು ಸಮಾಧಾನವಾಗಿ ಒಳಗೆ ಹೋಗಿ ಕೂರುವಳು.

ನಾವಿಬ್ಬರೂ ಅಷ್ಟು ದೂರ ಹೋಗಿದ್ದು ನನ್ನ ಮಗಳು ರೂಪಾಳ ಬಾಣಂತನಕ್ಕೆ. ರೂಪಾ ಅಲ್ಲಿ ನರ್ಸು, ಅಳಿಯನಿಗೆ ಬಂದರಿನಲ್ಲಿ ಕೆಲಸ. ನನಗಿಂತ ಅಕ್ಕನ ಕೈ ಪಳಗಿದ್ದು. ಅವಳ ಬೀದಿಯಲ್ಲಿ ಹುಟ್ಟಿದ ಕೂಸುಗಳೆಲ್ಲ ಹೆಚ್ಚುಕಮ್ಮಿ ಅವಳ ಕಾಲ ಮೇಲೇ ನೀರು ಹುಯ್ಯಿಸಿಕೊಂಡು ಬೆಳೆದವು. ಅದಕ್ಕೇ ಹಿಂದೂಪುರದಿಂದ ಹೊರಟ ನಾನು ಅವಳನ್ನೂ ಹೊರಡಿಸಿದೆ.

ಹೋಗಿ ನೋಡಿದರೆ ಮಗು ಗುಂಡಗಿತ್ತು, ರೂಪಾ ರೂಪಾಳಾಗಿರಲಿಲ್ಲ. ಮಗು ಅತ್ತರೆ ಎತ್ತಿಕೊಳ್ಳುವಳು, ಹಾಲು ಕೊಡುವಳು, ಮತ್ತೆ ಗೋಡೆಯ ಕಡೆ ತಿರುಗಿ ಮಲಗುವಳು. ಡಾಕ್ಟರು ನೋಡಿದ್ದರು, ಮಾತ್ರೆ ಕೊಟ್ಟಿದ್ದರು, ಹೆರಿಗೆಯಾದ ಮೇಲೆ ಕೆಲವರಿಗೆ ಹೀಗಾಗುತ್ತದೆ, ನಿಧಾನಕ್ಕೆ ಹೋಗುತ್ತದೆ ಎಂದಿದ್ದರು. "ಇದೇನು ಅಂತ ನಂಗೊತ್ತಮ್ಮ. ಎಷ್ಟು ಜನಕ್ಕೆ ನಾನೇ ಹೇಳಿದೀನಿ. ಗೊತ್ತಿದ್ರೂ ಏಳಾಕೆ ಆಯ್ತಿಲ್ಲ" ಎಂದು ಒಮ್ಮೆ ಹೇಳಿದಳು. ಅದೇ ಅವಳ ದೊಡ್ಡ ಮಾತು. ನಾನು ನಮ್ಮಮ್ಮ ಮಾಡುತ್ತಿದ್ದಂತೆ ಕಿಟಕಿ ಹಾಕಿದೆ, ಅವಳ ಕಿವಿಗೆ ಬಟ್ಟೆ ಕಟ್ಟಿದೆ, ಮೆಣಸಿನ ಸಾರು ಮಾಡಿದೆ. ಇನ್ನೇನು ಮಾಡಬೇಕೋ ತೋಚಲಿಲ್ಲ.

ಒಂದು ಬೆಳಿಗ್ಗೆ ಅಕ್ಕ ಪರದೆ ಸರಿಸಿಬಿಟ್ಟಳು.

"ಏಳವ್ವಾ ರೂಪಾ. ನಂಗೆ ಸಮುದ್ರ ತೋರ್ಸು."

ನಾನು ಗಾಬರಿಯಾಗಿ, "ಹಸಿ ಬಾಣಂತೀನ ಗಾಳಿಗೆ ಕರ್ಕೊಂಡೋಯ್ತೀಯೇನೆ ಅಕ್ಕಾ?" ಎಂದೆ.

"ಹೂಂ ಕಣೆ. ನಮ್ಮೂರ ಬಾಣಂತಿ ಒಳಗೇ ಇದ್ರೂ ಬೀದಿ ಮಾತೆಲ್ಲ ಕಿವಿಗೆ ಬೀಳ್ತದೆ. ಇಲ್ಲೇನೈತೆ? ಫ್ರಿಜ್ಜಿನ ಸದ್ದು."

ಕಡಲ ಮುಂದೆ ನಿಂತಾಗ ನಮ್ಮಕ್ಕ ಚಪ್ಪಲಿ ಬಿಟ್ಟು ಕೈಮುಗಿದಳು. ಆಮೇಲೆ, "ಇಷ್ಟು ನೀರು ಇಟ್ಕೊಂಡಿರೋ ದೇವ್ರು ನಮ್ ಕಡೀಕೆ ಒಂದು ಬಿಂದಿಗೆ ಕೊಡಾಕೆ ಎಷ್ಟು ಯೋಚ್ನೆ ಮಾಡ್ತಾನಲ್ಲೇ!" ಎಂದಳು. ನಾನು ನಕ್ಕೆ. ರೂಪಾ ನಗಲಿಲ್ಲ.

ಅಕ್ಕ ಬಿಡಲಿಲ್ಲ. ಅಂದಿನಿಂದ ದಿನಾ ಒಂದು ನೆಪ. ತರಕಾರಿ ತರಬೇಕು, ಲಾಂಚಿನಲ್ಲಿ ಆಚೆ ದಡಕ್ಕೆ ಹೋಗಿ ಬರಬೇಕು, ಹಡಗಿನಿಂದ ಪೆಟ್ಟಿಗೆ ಇಳಿಸುವ ಆ ಜಿರಾಫೆಯಂಥ ಕ್ರೇನು ನೋಡಬೇಕು. ಕೈಯಲ್ಲಿದ್ದ ಚಿಪ್ಸನ್ನು ಕಡಲಹಕ್ಕಿ ಕಸಿದುಕೊಂಡು ಹಾರಿದಾಗ, "ಓಸಿ ದೊಂಗಾ, ಕಳ್ಳೀ!" ಎಂದು ದಡದುದ್ದಕ್ಕೂ ಅಟ್ಟಿಸಿಕೊಂಡು ಹೋದಳು. ರೂಪಾ ಸುಮ್ಮನೆ ಪಕ್ಕದಲ್ಲಿ ನಡೆಯುವಳು. ಮಗು ಅಕ್ಕನ ಸೆರಗಿನೊಳಗೆ.

ಮನೆಯ ಹತ್ತಿರವೇ ಊರೊಳಕ್ಕೆ ಚಾಚಿಕೊಂಡ ಸಮುದ್ರದ ಒಂದು ಸಣ್ಣ ಕವಲು ಇತ್ತು. ಒಂದು ಮಧ್ಯಾಹ್ನ ಅಲ್ಲಿಗೆ ಹೋದರೆ ನೀರೇ ಇಲ್ಲ. ಬರೀ ಕೆಸರು. ದೋಣಿಗಳು ಮಗ್ಗುಲಾಗಿ ಬಿದ್ದಿದ್ದವು. ಅಕ್ಕ ಎದೆ ಹಿಡಿದುಕೊಂಡಳು.

"ಅಯ್ಯೋ ದೇವುಡಾ! ನಿನ್ನೆ ಇತ್ತಲ್ಲೇ ನೀರು! ಎಲ್ಲೋಯ್ತೇ?"

"ಬತ್ತದೆ ಬಿಡು ದೊಡ್ಡಮ್ಮ" ಎಂದಳು ರೂಪಾ.

"ಬತ್ತದೆ ಅಂದ್ರೆ? ಬರ್ತದೋ, ಬತ್ತೋಯ್ತದೋ? ಸರ್ಯಾಗಿ ಹೇಳೇ ತಾಯಿ!"

ರೂಪಾ ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ನಕ್ಕಳು. ಆ ಊರಿಗೆ ಹೋದ ಮೇಲೆ ನಾನು ಕೇಳಿದ ಅವಳ ಮೊದಲ ನಗು ಅದು. ಬಗ್ಗಿ ಕೆಸರಿನಲ್ಲಿ ಬೆರಳಿನಿಂದ ಚಂದ್ರನನ್ನೂ ಭೂಮಿಯನ್ನೂ ಬರೆದು, ನೀರು ಹೇಗೆ ಹೋಗುತ್ತದೆ, ಹೇಗೆ ಬರುತ್ತದೆ ಎಂದು ವಿವರಿಸಿದಳು. ಅಕ್ಕ ನಂಬಲಿಲ್ಲ. "ಬರೋಗಂಟ ನಾನೇಳಾಕಿಲ್ಲ" ಎಂದು ಬೆಂಚಿನ ಮೇಲೆ ಕೂತುಬಿಟ್ಟಳು.

ನಾವೂ ಕೂತೆವು. ಗಾಳಿ ಬೀಸುತ್ತಿತ್ತು. ಕೂತಲ್ಲಿಯೇ ರೂಪಾ ಮಾತಾಡತೊಡಗಿದಳು. ಹೆರಿಗೆಯ ಹೊತ್ತಿನ ಭಯ ಹೇಳಿದಳು. ಮಗುವನ್ನು ಎದೆಗೆ ಕೊಟ್ಟಾಗ ಒಳಗೆ ಏನೂ ಆಗಲಿಲ್ಲವೆಂದಳು. "ನಾನೆಂಥ ತಾಯಿ ದೊಡ್ಡಮ್ಮ?" ಎಂದು ಅತ್ತಳು. ನಾನು ಏನೋ ಹೇಳಹೋದೆ. ಅಕ್ಕ ನನ್ನ ಮೊಣಕಾಲು ಅದುಮಿದಳು. ಜಗತ್ತಿನವರನ್ನೆಲ್ಲ ಮಾತಾಡಿಸುವ ಆ ಹೆಂಗಸು ಅಂದು "ಹೂಂ" ಬಿಟ್ಟು ಬೇರೆ ಆಡಲಿಲ್ಲ.

ನೀರು ಮೊದಲು ಎಳೆಯಾಗಿ ಬಂತು. ಆಮೇಲೆ ಹರಡಿತು. ನೋಡನೋಡುತ್ತ ಬಿದ್ದಿದ್ದ ದೋಣಿಗಳು ಒಂದೊಂದಾಗಿ ಅಲುಗಿ ನೆಟ್ಟಗಾದವು. ಅಕ್ಕ ಕಣ್ಣು ಮಿಟುಕಿಸದೆ ನೋಡಿದಳು. "ಎದ್ದು ನಿಂತ್ಕೊಂಡ್ಬುಟ್ವಲ್ಲೇ!" ಎಂದು ಪಿಸುಗುಟ್ಟಿದಳು. ರೂಪಾ ಅವಳ ಮಡಿಲಿನಿಂದ ಮಗುವನ್ನು ತಾನಾಗಿ ಎತ್ತಿಕೊಂಡು, ಅದರ ಮುಖವನ್ನು ನೀರಿನ ಕಡೆ ತಿರುಗಿಸಿದಳು.

ಅಂದಿಗೇ ಎಲ್ಲ ಸರಿಹೋಗಲಿಲ್ಲ. ಮಾತ್ರೆ ನಡೆಯಿತು, ಡಾಕ್ಟರ ಬಳಿ ಹೋಗುವುದು ನಡೆಯಿತು, ಅಕ್ಕನ ತಿರುಗಾಟವೂ ನಡೆಯಿತು. ವಾಪಸು ಬರುವಾಗ ವಿಮಾನದಲ್ಲಿ ಕೇಳಿದೆ: "ನಿಂಗೆ ಭಯ ಆಗ್ಲಿಲ್ವೇನೆ?"

"ಆಗ್ದೆ ಏನು? ಕೂಸಿಗೆ ಶೀತ ಆಗ್ಬುಟ್ರೆ ನಿನ್ ಮುಖ ಹೆಂಗ್ ನೋಡ್ಲಿ ಅಂತ ದಿನಾ ಹೆದ್ರಿದೀನಿ. ಆದ್ರೂ ಹುಡ್ಗೀನ ಆ ಗೋಡೆ ಮುಂದೆ ಬಿಡಾಕೆ ಮನ್ಸು ಬರ್ಲಿಲ್ಲ ಕಣೆ." ಜೀವಮಾನವೆಲ್ಲ ಬಾಣಂತಿಯರ ಕಿವಿಗೆ ಗಾಳಿ ಸೋಕದಂತೆ ಕಾದವಳು, ಒಬ್ಬಳಿಗಾಗಿ ಅದನ್ನೆಲ್ಲ ಬಿಟ್ಟಿದ್ದಳು. ನನ್ನ ಜೊತೆ ಹುಟ್ಟಿದವಳೇನಾ ಇವಳು ಎಂದು ಅಕ್ಕನನ್ನು ನೋಡುತ್ತಲೇ ಕೂತೆ.

ಹೋದ ವರ್ಷ ಅಕ್ಕ ಮಲಗಿದ್ದಲ್ಲೇ ತೀರಿಹೋದಳು. ತಿಂಗಳ ಮೇಲೆ ರೂಪಾ ಮಗುವನ್ನು ಕರೆದುಕೊಂಡು ಬಂದಳು. ಇಬ್ಬರೂ ಕಲ್ಯಾಣದುರ್ಗದ ಅಕ್ಕನ ಮನೆಗೆ ಹೋದೆವು. ಅಕ್ಕಪಕ್ಕದ ಹೆಂಗಸರು ಜಗಲಿ ತುಂಬ ಸೇರಿ, ಅವಳು ಅಲ್ಲಿ ಏನೇನು ಮಾಡಿದಳೆಂದು ಕೇಳಿದರು. ರೂಪಾ ಎಲ್ಲವನ್ನೂ ಹೇಳಿದಳು, ತನಗೇನಾಗಿತ್ತು ಎಂಬುದನ್ನೂ ಮುಚ್ಚಿಡದೆ. ಕಂಬದ ಹಿಂದೆ ಒಬ್ಬಳು ಎಳೆಯ ಬಾಣಂತಿ, ಕಿವಿಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತ ಕೂತಿದ್ದಳು. ಎಲ್ಲರೂ ಎದ್ದರೂ ಅವಳು ಏಳಲಿಲ್ಲ.

ರೂಪಾ ಹೋಗಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಏಳಮ್ಮ. ನಂಗೆ ನಿಮ್ಮೂರು ತೋರ್ಸು."