ಸೂತಕದ ಮನೆಯಲ್ಲಿ ಗೊರಸು ಕತ್ತರಿಸಿದ್ದು

ಹೋದ ವರ್ಷ ತುಳಸಿ ಲಗ್ನ ಮುಗಿದ ವಾರದಲ್ಲಿ ನಮ್ಮ ಮನೆಯವರು ತೀರಿಕೊಂಡರು. ವಿಜಯಪುರದಿಂದ ಮುಂಬೈ ಹತ್ತಿರದ ಕಲ್ಯಾಣಕ್ಕೆ ಹಮಾಲಿಗೆಂದು ಬಂದವರು, ಆಮೇಲೆ ಮದುವೆ ಮೆರವಣಿಗೆಗೆ ಒಂದು ಬಿಳಿ ಕುದುರೆ ಸಾಕಿ ಸಂಸಾರ ನಡೆಸಿದರು. ಅದರ ಹೆಸರು ರಾಣಿ. ನನಗೆ ಅದರ ಮೇಲೆ ಅಂಥ ಮಮತೆಯೇನೂ ಇರಲಿಲ್ಲ. ಮೇವು ಹಾಕುತ್ತಿದ್ದೆ, ಲದ್ದಿ ಬಳಿಯುತ್ತಿದ್ದೆ, ಅಷ್ಟೆ.

ಅವರು ಆಸ್ಪತ್ರೆಯಲ್ಲಿದ್ದಾಗ ರಾಣಿಯ ಗೊರಸನ್ನು ಯಾರೂ ನೋಡಿರಲಿಲ್ಲ. ನಮ್ಮ ಉಗುರಿನ ಹಾಗೆ ಅದೂ ಬೆಳೆಯುತ್ತದೆ. ಕತ್ತರಿಸಿ ಅಂಚು ದುಂಡಗೆ ಮಾಡದಿದ್ದರೆ ಕಾಂಕ್ರೀಟ್ ರಸ್ತೆಗೆ ಬಡಿದು ಗೊರಸು ಚಕ್ಕೆ ಏಳುತ್ತದೆ. ಮಣ್ಣು ಮಾಡಿ ಬಂದ ಮರುದಿನ ನೋಡಿದರೆ ಮುಂದಿನ ಎಡಗಾಲಿನ ಗೊರಸು ಒಡೆದು ಸೀಳು ಮೇಲೇರಿತ್ತು. ರಾಣಿ ಆ ಕಾಲು ಊರುತ್ತಲೇ ಇರಲಿಲ್ಲ.

ಲಾಳ ಕಟ್ಟುವ ಹಸನಸಾಬರನ್ನು ಕರೆಸಿದೆ. ಅವರು ಚೀಲ ಬಿಚ್ಚುವಷ್ಟರಲ್ಲಿ ನಮ್ಮ ಮನೆಯವರ ಅಕ್ಕ ಅಡ್ಡ ಬಂದಳು.

“ಸೂತಕದ ಮನ್ಯಾಗ ಉಗುರು ತಗೀತಾರೇನ? ಹನ್ನೊಂದ ದಿನ ಆಗಲಿ.”

“ಅಷ್ಟರಾಗ ಸೀಳು ಮಾಂಸಕ್ಕ ಮುಟ್ಟತೈತಿ ಅಕ್ಕಾ. ಆಮ್ಯಾಲ ಕುದರಿ ನಡಿಯಂಗಿಲ್ಲ,” ಎಂದರು ಹಸನಸಾಬರು.

“ನನ್ನ ತಮ್ಮನ ಕುದರಿ ಅದು. ಅದಕ್ಕೂ ಸೂತಕ ಐತಿ!”

“ಹಂಗಿದ್ರ ಹನ್ನೊಂದನೇ ದಿನ ಅದರ ತಲಿನೂ ಬೋಳಿಸ್ರಿ,” ಎಂದೆ ನಾನು.

ಇಲ್ಲಿಯೇ ಹುಟ್ಟಿದ ನನ್ನ ಮಗ ಮೆಲ್ಲಗೆ, “ಅವ್ವಾ, ಲೋಗ್ ಕ್ಯಾ ಬೋಲೇಂಗೆ?” ಎಂದ.

“ಮಂದಿ ಏನರ ಅನ್ನಲಿ, ಅವರು ಬಂದು ಕುಂಟಂಗಿಲ್ಲ. ಕಾಲ ಹಿಡಿ.”

ರಾಣಿ ಅವನಿಗೆ ಕಾಲು ಕೊಡಲಿಲ್ಲ. ಅದರ ಕಾಲು ಹಿಡಿಯುತ್ತಿದ್ದವರು ನಮ್ಮ ಮನೆಯವರೊಬ್ಬರೇ. ನಾನೇ ಸೆರಗು ಸಿಕ್ಕಿಸಿಕೊಂಡು ಹೋದೆ. ಅವರು ಮಾಡುತ್ತಿದ್ದ ಹಾಗೆ ಅದರ ಭುಜ ಒತ್ತಿ, ಕಾಲು ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಹಸನಸಾಬರು ಹಳೆಯ ಲಾಳ ಬಿಚ್ಚಿ, ಬೆಳೆದದ್ದನ್ನು ಇಕ್ಕಳದಿಂದ ಕಡಿದು, ಒರಟು ಕಬ್ಬಿಣದ ಕಾನಸಿನಿಂದ ಅಂಚು ಉಜ್ಜತೊಡಗಿದರು. ಅರ್ಧ ಕೆಲಸಕ್ಕೆ ರಾಣಿ ತನ್ನ ಭಾರವನ್ನೆಲ್ಲ ನನ್ನ ಮೇಲೆ ಬಿಟ್ಟಿತು. ಸೊಂಟ ಮುರಿದಂತಾಯಿತು. ಬಿಡಲಿಲ್ಲ.

“ಅಣ್ಣಾರ ಮ್ಯಾಲೂ ಹಿಂಗ ಒರಗತಿತ್ತು,” ಎಂದರು ಹಸನಸಾಬರು.

ಕೆಳಗಿಳಿಸಿದಾಗ ರಾಣಿ ಆ ಕಾಲನ್ನು ನಿಧಾನವಾಗಿ ಊರಿತು. ಮನೆಯವರ ಅಕ್ಕ ಹನ್ನೊಂದನೇ ದಿನ ನಮ್ಮಲ್ಲಿ ಊಟ ಮಾಡದೆ ಹೋದಳು, ಇಂದಿಗೂ ಮಾತಿಲ್ಲ. ಹೋಗಲಿ.

ನನ್ನನ್ನು ಕಾಡುವುದು ಬೇರೆ. ಅಷ್ಟು ಭಾರವನ್ನು ಅವರು ವರ್ಷಗಟ್ಟಲೆ ಹೊತ್ತರು. ಮನೆಗೆ ಬಂದು ಸೊಂಟ ನೋವೆಂದು ಒಂದು ಸಲವೂ ಹೇಳಲಿಲ್ಲ. ಹೇಳಿದ್ದರೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ.