ಸೆರಗಿನ ತುದಿಯಲ್ಲೊಂದು ಸೀಟಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪುಣೆಯಿಂದ ಭೋಸರಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿರುವ ಒಂದು ಶಾಲೆಯ ಮೈದಾನದಲ್ಲಿ ಗೌರಾಬಾಯಿ ನೀರು ಚಿಮುಕಿಸುತ್ತಿದ್ದಾರೆ. ಧೂಳು ಅಡಗಿದ ಮೇಲೆ ಡಬ್ಬಿಯಲ್ಲಿ ಫಕ್ಕಿ, ಅಂದರೆ ಗೆರೆ ಎಳೆಯುವ ಬಿಳಿ ಪುಡಿ, ತುಂಬಿಕೊಂಡು ಖೋ ಖೋ ಅಂಕಣದ ಚೌಕಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಬಗ್ಗಿದಾಗೆಲ್ಲ ಅವರ ಇಳಕಲ್ ಸೀರೆಯ ಸೆರಗಿನ ತುದಿಯಲ್ಲಿ ಏನೋ ತೂಗಾಡುತ್ತದೆ. ಬೀಗದ ಕೈ ಇರಬೇಕು ಅಂದುಕೊಳ್ಳುತ್ತೇನೆ. ಹತ್ತಿರ ಹೋಗಿ ನೋಡಿದರೆ ಪಿ.ಟಿ. ಮೇಷ್ಟ್ರ ಸೀಟಿ!

"ಸರ್ ಸೀಟಿ ನಿಮ್ಮ ಹತ್ರ ಯಾಕ್ರಿ?" ಎಂದು ಕೇಳುತ್ತೇನೆ.

"ಜ್ವಾಪಾನ ಇಟ್ಟೀನ್ರಿ. ಒಬ್ಬಾಕಿ ಬಂದು ಕೇಳೂತನಕಾ ಯಾರಿಗೂ ಕೊಡಂಗಿಲ್ಲ," ಎಂದು ನಕ್ಕು ಮುಂದಿನ ಚೌಕಕ್ಕೆ ಸರಿಯುತ್ತಾರೆ.

ಗೌರಾಬಾಯಿ ಈ ಶಾಲೆಯ ಆಯಾ, ಎಲ್ಲರ ಬಾಯಲ್ಲಿ ಮಾವಶಿ. ಗೇಟು ತೆರೆಯುವುದು, ಕಸ ಹೊಡೆಯುವುದು, ಕುಡಿಯುವ ನೀರು ತುಂಬುವುದು, ಬಿದ್ದು ಬಂದವರ ಮೊಣಕಾಲು ತೊಳೆಯುವುದು ಎಲ್ಲ ಅವರದೇ. ಇಂಡಿ ತಾಲೂಕಿನ ಹಳ್ಳಿಯೊಂದರಿಂದ ಮದುವೆಯಾಗಿ ಬಂದವರು. ಮಕ್ಕಳನ್ನು ಮರಾಠಿಯಲ್ಲಿ ಗದರುತ್ತಾರೆ, ಕನ್ನಡದಲ್ಲಿ ರಮಿಸುತ್ತಾರೆ. ಶಾಲೆಯ ವಾರ್ಷಿಕ ಸಂಚಿಕೆಯ ಯಾವ ಫೋಟೋದಲ್ಲಿಯೂ ಅವರಿಲ್ಲ. ಫೋಟೋ ತೆಗೆಯುವ ಹೊತ್ತಿಗೆ ಕುರ್ಚಿ ಹಾಕಲು ಓಡಾಡುತ್ತಿರುತ್ತಾರೆ.

ಸೀಟಿ ಎಂದರೆ ನನ್ನಂಥವರಿಗೆ ಬಾಲ್ಯವೇ. ಗಣಿತದ ಪೀರಿಯಡ್ಡಿನಲ್ಲಿ ಕಿಟಕಿಯಾಚೆ ಆ ಸದ್ದು ಕೇಳಿತೆಂದರೆ ಬೆಂಚಿನ ಕೆಳಗೆ ಕಾಲು ಕುಣಿಯುತ್ತಿದ್ದವು. ಅಂಗಿಯ ಗುಂಡಿ ಕಿತ್ತುಕೊಂಡು, ಮೊಣಕಾಲು ತರಚಿಕೊಂಡು, ಸಂಜೆ ಮನೆಯಲ್ಲಿ ಬೈಸಿಕೊಂಡ ಆ ದಿನಗಳನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಅದೇ ಸದ್ದಿಗೆ ಒಂದು ಮಗುವಿಗೆ ಉಸಿರು ಕಟ್ಟಬಹುದು ಎಂಬುದು ನನಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ.

ಆ ಮಗು ಏಳನೆಯ ತರಗತಿಯ ಶರಣ್ಯಾ. ತಂದೆ ಮೋಹನದಾಸ್ ಉಡುಪಿ ಕಡೆಯವರು, ಇಲ್ಲೇ ಪಕ್ಕದಲ್ಲಿ ಹೋಟೆಲು ಇಟ್ಟಿದ್ದಾರೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಕಳೆದ ವರ್ಷ ಒಂದು ಬೆಳಿಗ್ಗೆ ಹೋಟೆಲಿನ ಅಡುಗೆಮನೆಯಲ್ಲಿ ಇಡ್ಲಿ ಬೇಯಿಸುವ ದೊಡ್ಡ ಬಾಯ್ಲರು ಒಡೆಯಿತು. ಈರುಳ್ಳಿ ಮೂಟೆಯ ಪಕ್ಕದಲ್ಲಿ ಕೂತು ಶರಣ್ಯಾ ಹೋಂವರ್ಕ್ ಮಾಡುತ್ತಿದ್ದಳು. ಒಡೆಯುವ ಮುನ್ನ ಹಬೆ ಸೀಟಿಯ ಹಾಗೆ ಕಿರುಚಿತಂತೆ. ಅಡುಗೆ ಭಟ್ಟರ ಕೈಮೈ ಸುಟ್ಟವು. ಈಗ ಅವರು ಊರಲ್ಲಿ ಚೇತರಿಸಿಕೊಂಡಿದ್ದಾರೆ. ಶರಣ್ಯಾಳಿಗೆ ಒಂದು ತರಚು ಗಾಯವೂ ಆಗಿರಲಿಲ್ಲ.

"ಮಗಳಿಗೆ ಏನೂ ಆಗಲಿಲ್ಲ ಅಂತ ನಾವು ದೇವರಿಗೆ ಕೈ ಮುಗಿದೆವು ಮಾರಾಯ್ರೆ. ಒಳಗೆ ಆದದ್ದು ನಮಗೆ ಹೇಗೆ ಗೊತ್ತಾಗಬೇಕು?" ಎನ್ನುತ್ತಾರೆ ಮೋಹನದಾಸ್.

ಗೊತ್ತಾದದ್ದು ಪಿ.ಟಿ. ಪೀರಿಯಡ್ಡಿನಲ್ಲಿ. ಮನೋಜ ಸರ್ ಸೀಟಿ ಊದಿದ್ದೇ ತಡ, ಸಾಲಿನಲ್ಲಿ ನಿಂತಿದ್ದ ಹುಡುಗಿ ಕಿವಿ ಮುಚ್ಚಿಕೊಂಡು ಕುಸಿದಳು. ಉಸಿರು ಮೇಲೆಮೇಲೆ, ಬೆರಳೆಲ್ಲ ಮುದುಡಿವೆ, ಮೈ ತಣ್ಣಗೆ. ಮಕ್ಕಳು ಸುತ್ತ ಮುಕುರಿಕೊಂಡರು. ಗೌರಾಬಾಯಿ ಈರುಳ್ಳಿ ತರಲು ಅಡುಗೆಕೋಣೆಗೆ ಓಡಿದರು.

"ನಮ್ಮ ಕಡೆ ಯಾರರೆ ಹಂಗ ಬಿದ್ರ ಮೂಗಿಗೆ ಉಳ್ಳಾಗಡ್ಡಿ ಹಿಡೀತಾರ್ರಿ. ನಾನೂ ಒಂದು ಒಡದು ತಂದು ಹಿಡದೆ. ಮಾರಿಗೆ ನೀರು ಹೊಡದೆ. ಗಟ್ಟಿಯಾಗಿ ಹಿಡಕೊಂಡೆ. ಕೂಸು ಚಿಟ್ಟನೆ ಚೀರಿತು, ನನ್ನ ಕೈ ಪರಚಿತು. ಆ ಉಳ್ಳಾಗಡ್ಡಿ ವಾಸನೀನ ಆಕೀಗಿ ಆವತ್ತಿನ ಅಡಗೀಮನಿ ಆಗಿತ್ತು. ನನಗೇನು ಗೊತ್ರಿ? ಚಲೋ ಮಾಡಲಿಕ್ಕೆ ಹೋಗಿ ಬೆಂಕ್ಯಾಗ ಹಾಕಿದಂಗ ಆತು."

ಇದನ್ನು ಹೇಳುವಾಗ ಗೌರಾಬಾಯಿಯ ದನಿ ಇಳಿಯುತ್ತದೆ. ಆ ದಿನ ಮನೆಗೆ ಹೋಗಿ ಊಟ ಮಾಡಲಿಲ್ಲವಂತೆ.

ಶಾಲೆಗೆ ವಾರಕ್ಕೊಮ್ಮೆ ಬರುವ ಆಪ್ತಸಮಾಲೋಚಕಿ ನೀತಾ ಗೌರಾಬಾಯಿಯನ್ನು ಬೈಯಲಿಲ್ಲ, ಕೂರಿಸಿಕೊಂಡು ತಿಳಿಸಿ ಹೇಳಿದರು. ಅಪಾಯ ಮುಗಿದಿದೆ ಎಂಬುದು ಮಗುವಿನ ತಲೆಗೆ ಗೊತ್ತು, ಮೈಗೆ ಗೊತ್ತಿಲ್ಲ. ಹಾಗಾಗಿ ಗುಂಪು ಕಟ್ಟಬಾರದು, ಹೇಳದೆ ಮುಟ್ಟಬಾರದು, ಏನಾಯಿತು ಎಂದು ಕೆದಕಬಾರದು. ಪಕ್ಕದಲ್ಲಿ ಸುಮ್ಮನೆ ಕೂರಬೇಕು. ಎಲ್ಲಿದ್ದೇವೆ, ಯಾರಿದ್ದಾರೆ ಎಂದು ಮೆಲ್ಲಗೆ ಹೇಳಬೇಕು. "ವಾರದ ಉಳಿದ ದಿನ ಪಕ್ಕದಲ್ಲಿ ಕೂರುವವರು ಬೇಕಿತ್ತು. ಮಾವಶಿ ತಾನೇ ಕೂರುತ್ತೇನೆ ಅಂದರು," ಎನ್ನುತ್ತಾರೆ ನೀತಾ.

ಮನೋಜ ಸರ್ ಅಂದೇ ಕೊರಳಿನ ಸೀಟಿ ತೆಗೆದು ಮಾವಶಿಯ ಕೈಗಿತ್ತರು. ಅದರ ಬದಲಿಗೆ ಬಂದದ್ದು ಗೌರಾಬಾಯಿಯ ಭಜನಾ ಮಂಡಳಿಯ ತಾಳ. ಈಗ ಓಡು ಎಂದರೂ ತಾಳ, ನಿಲ್ಲು ಎಂದರೂ ತಾಳ. ಇದು ಪಿ.ಟಿ. ಪೀರಿಯಡ್ಡೋ ಪಂಢರಪುರಕ್ಕೆ ಹೊರಟ ಭಜನೆಯ ದಿಂಡಿಯೋ ಎಂದು ಉಳಿದ ಶಿಕ್ಷಕರು ಸರ್‌ ಅವರನ್ನು ಕಾಡಿಸುತ್ತಾರೆ. ಸರ್ ಇನ್ನೂ ಜೋರಾಗಿ ಬಾರಿಸುತ್ತಾರೆ.

ಪಕ್ಕದಲ್ಲಿ ಕೂರುವುದು ಎಂದರೇನೆಂದು ಗೌರಾಬಾಯಿಗೆ ಮೊದಲೇ ಗೊತ್ತಿತ್ತು, ಹಾಗೆಂದು ಹೆಸರಿಟ್ಟಿರಲಿಲ್ಲ ಅಷ್ಟೆ. ಗಂಡ ಶಿವರಾಜ ಭೋಸರಿಯ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ ಯಂತ್ರದ ಮೇಲೆ ಕೆಲಸಕ್ಕಿದ್ದವರು. ಬುತ್ತಿ ಕೊಡಲು ಹೋಗಿ ಗೇಟಿನಲ್ಲಿ ನಿಂತಿದ್ದಾಗಲೇ ಒಳಗೆ ಅವರ ಬಲಗೈ ಪ್ರೆಸ್ಸಿಗೆ ಸಿಕ್ಕು ಕಾರ್ಖಾನೆಯ ಸೈರನ್ನು, ಇಲ್ಲಿಯ ಮಾತಿನಲ್ಲಿ ಭೋಂಗಾ, ಕೂಗಿತು. ಶಿವರಾಜ ಈಗ ಒಂದು ಸೊಸೈಟಿಯಲ್ಲಿ ವಾಚಮನ್. ಆದರೆ ವರ್ಷಗಟ್ಟಲೆ ಭೋಂಗಾ ಕೂಗಿದಾಗೆಲ್ಲ ಗೌರಾಬಾಯಿಯ ಉಸಿರು ಕಟ್ಟಿ, ಕೈಯಲ್ಲಿದ್ದದ್ದು ಬೀಳುತ್ತಿತ್ತು.

"ಎಲ್ಲಾರೂ ಧೈರ್ಯ ಮಾಡು, ಧೈರ್ಯ ಮಾಡು ಅಂತಿದ್ರು. ಧೈರ್ಯ ಏನು ಕಿರಾಣಿ ಅಂಗಡ್ಯಾಗ ಸಿಗತದೇನ್ರಿ? ನಮ್ಮತ್ತಿ ಮಾನಮ್ಮ ಮಾತ್ರ ಏನೂ ಅನ್ನತಿದ್ದಿಲ್ಲ. ಭೋಂಗಾ ಆತಂದ್ರ ಮೊರದಾಗ ಜ್ವಾಳ ಹಾಕ್ಕೊಂಡು ಬಂದು ಬಾಜೂಕ ಕೂಡತಿದ್ಲು. ಹರಳು ಆರಸೂಣ ಬಾ ಅಂತಿದ್ಲು. ಜ್ವಾಳದಾಗ ಕೈ ಆಡತಿದ್ರ ಉಸುರು ತಾನ ಜಾಗಕ್ಕ ಬರತಿತ್ತು. ಆ ಜ್ವಾಳದಾಗ ಹರಳ ಇರತಿದ್ದಿಲ್ಲ. ಆಕಿ ಮೊದಲ ಆರಿಸಿ ಇಟ್ಟಿರತಿದ್ಲು. ಅದು ನನಗ ತಿಳದದ್ದು ಆಕಿ ಹೋದ ಮ್ಯಾಲೆ."

ಅಂಥ ಅತ್ತೆಯರನ್ನು ನೆನೆದು ಕಣ್ಣು ತುಂಬಿತು ಎಂದು ಬರೆಯಲು ನನಗೆ ಸಂಕೋಚವಿಲ್ಲ.

ಗೌರಾಬಾಯಿ ನೀತಾ ಅವರಿಗೆ ಇದನ್ನು ಹೇಳಿದಾಗ ಅವರು ಜೋಳವೂ ಸೇರಲಿ ಅಂದರು. ಮೈದಾನದ ಬದಿಯ ಬೇವಿನ ಮರದಡಿ ಒಂದು ಮೊರ ಬಂತು. ಶರಣ್ಯಾ ನಡುಗಿದಾಗ ಅಲ್ಲಿಗೆ ಬಂದು ಕೂರುತ್ತಾಳೆ, ಜೋಳದಲ್ಲಿ ಕೈಯಾಡಿಸುತ್ತಾಳೆ, ಎದ್ದು ಹೋಗುತ್ತಾಳೆ. ಯಾರೂ ಕೇಳುವುದಿಲ್ಲ. ನೀತಾ ಹಾಕಿಕೊಟ್ಟ ದಾರಿಯಲ್ಲೇ, ಶರಣ್ಯಾ ಹೂಂ ಅಂದ ದಿನ ಮಾತ್ರ, ಗೌರಾಬಾಯಿ ಗೋಡೆಯಾಚೆ ದೂರ ಹೋಗಿ ಸೀಟಿಯನ್ನು ಮೆಲ್ಲಗೆ ಊದುತ್ತಾರೆ. ಬೇಡ ಅಂದ ದಿನ ಅದು ಸೆರಗಿನಲ್ಲೇ ಇರುತ್ತದೆ.

ಇಷ್ಟೆಲ್ಲ ಯಾಕೆಂದರೆ ಹುಡುಗಿಗೆ ಖೋ ಖೋ ಎಂದರೆ ಪ್ರಾಣ. ಬಾಯ್ಲರು ಒಡೆಯುವ ಮೊದಲು ಅವಳು ತಂಡದ ಮುಂದಾಳು. ಶಾಲೆಯಲ್ಲಿ ತಾಳ ಬಾರಿಸಬಹುದು, ಅಂತರಶಾಲಾ ಪಂದ್ಯದಲ್ಲಿ ಅಂಪೈರು ಸೀಟಿಯನ್ನೇ ಊದುತ್ತಾರೆ. ಅದನ್ನು ತಡೆದುಕೊಳ್ಳಲಾಗದಿದ್ದರೆ ಆಟ ಬಿಟ್ಟಂತೆಯೇ.

"ಚೌಕದಾಗ ಕೂತಾಗ ಎರಡೂ ಕೈ ಮಣ್ಣಿಗೆ ಹಚ್ಚಿರತೀವಲ್ರಿ, ಅದನ್ನ ಜ್ವಾಳ ಅಂತ ತಿಳಕೋ ಅಂದೆ," ಎನ್ನುತ್ತಾರೆ ಗೌರಾಬಾಯಿ.

"ನಿಮಗೂ ಖೋ ಖೋ ಬರತದೇನ್ರಿ?"

ಮುಖ ಅರಳುತ್ತದೆ. ಲಂಗ ಎತ್ತಿಕಟ್ಟಿ ಊರ ಶಾಲೆಯ ಬಯಲಿನಲ್ಲಿ ಆಡುತ್ತಿದ್ದದ್ದು, ಕಂಬ ಸಿಗದೆ ಎತ್ತು ಕಟ್ಟುವ ಗೂಟ ನೆಟ್ಟದ್ದು, ಒಮ್ಮೆ ಎತ್ತೇ ಹುಡುಕಿಕೊಂಡು ಬಂದದ್ದು, ಎಲ್ಲ ಹೇಳಿ ನಗುತ್ತಾರೆ. ಕೊನೆಗೆ ನಗು ನಿಲ್ಲುತ್ತದೆ. "ಕೊನೀ ಚೌಕದಾಗ ಕೂತಿದ್ದೆ. ನನ್ನ ಗೆಳತಿ ಅಂಬಾಬಾಯಿ ಓಡಿಕೋತ ಬರತಿದ್ಲು, ಇನ್ನೇನು ಬೆನ್ನು ಮುಟ್ಟಿ ಖೋ ಅನ್ನಬೇಕು, ನಮ್ಮಪ್ಪ ಬಂದು ಏಳವ್ವ ಮನೀಗಿ ಅಂದ. ಕನ್ಯಾ ನೋಡಲಿಕ್ಕೆ ಬಂದಿದ್ರು. ನನಗ ಆ ಖೋ ಸಿಗಲೇ ಇಲ್ರಿ."

ಪಂದ್ಯದ ಶನಿವಾರ ನಾನೂ ಹೋಗಿದ್ದೆ. ಮೊದಲ ಸೀಟಿಗೆ ಶರಣ್ಯಾಳ ಹೆಗಲು ಬಿಗಿದವು, ಅಂಗೈ ಮಣ್ಣಿಗೆ ಒತ್ತಿದವು. ಕೂತೇ ಇದ್ದಳು. ಆಮೇಲೆ ಎದುರಾಳಿಯೊಬ್ಬಳು ಔಟಾದಾಗ ಅಂಪೈರು ಶರಣ್ಯಾಳ ಕಿವಿಯ ಹತ್ತಿರವೇ ಊದಿದರು. ಹುಡುಗಿ ಚೌಕ ಬಿಟ್ಟು ಎದ್ದು ಓಡಿದಳು. ಅವಳ ಜಾಗಕ್ಕೆ ಬೇರೊಬ್ಬಳು ಬಂದಳು. ಎದುರು ತಂಡದ ಕಡೆಯಿಂದ ಯಾರೋ ನಕ್ಕರು, ನನಗೆ ಮೈಯೆಲ್ಲ ಉರಿಯಿತು.

ಗೌರಾಬಾಯಿ ಎದ್ದು ಹಿಂದೆ ಓಡಲಿಲ್ಲ. ಗೆರೆಯ ಆಚೆ ಮೊರ ಇಟ್ಟುಕೊಂಡು ಕೂತೇ ಇದ್ದರು. ಶರಣ್ಯಾ ತಾನಾಗಿ ಬಂದು ಕೂತಳು. ಅಳುತ್ತ ಜೋಳದಲ್ಲಿ ಕೈಯಿಟ್ಟಳು. ಬಹಳ ಹೊತ್ತಿನ ಮೇಲೆ, "ಮಾವಶಿ, ಇದರಲ್ಲಿ ಕಲ್ಲೇ ಇಲ್ಲವಲ್ಲ," ಅಂದಳು.

"ಇಲ್ಲ. ಮುಂಜಾನೆ ನಾನ ಆರಿಸೀನಿ," ಅಂದರು ಗೌರಾಬಾಯಿ.

ಹುಡುಗಿ ಅವರನ್ನೇ ನೋಡಿದಳು. ಎದ್ದು ಮನೋಜ ಸರ್ ಹತ್ತಿರ ಹೋಗಿ ಮುಂದಿನ ಸರದಿಗೆ ತನ್ನನ್ನು ಇಳಿಸಿ ಅಂದಳು. ಆ ಸರದಿಯುದ್ದಕ್ಕೂ ಸೀಟಿ ಕೇಳುತ್ತಲೇ ಇತ್ತು, ಅವಳ ತುಟಿ ನಡುಗುತ್ತಲೇ ಇದ್ದವು, ಚೌಕ ಬಿಡಲಿಲ್ಲ. ಒಬ್ಬಳನ್ನು ಔಟ್ ಕೂಡ ಮಾಡಿದಳು. ತಂಡ ಸೋತಿತು. ಬಸ್ಸಿನಲ್ಲಿ ಗೆದ್ದವರಿಗಿಂತ ಹೆಚ್ಚು ಗದ್ದಲ ಇವರದೇ.

ಸೋಮವಾರ ಪಿ.ಟಿ. ಪೀರಿಯಡ್ಡಿಗೆ ಒಬ್ಬಳು ಬಂದಿಲ್ಲ, ಒಂದು ಚೌಕ ಖಾಲಿ. ಹುಡುಗಿಯರು ಮಾವಶಿಯನ್ನೇ ಎಳೆದು ತಂದು ಕೂರಿಸುತ್ತಾರೆ. "ಏ ಬಿಡ್ರೆ, ನನ್ನ ಮೊಣಕಾಲು," ಎನ್ನುತ್ತಲೇ ಗೌರಾಬಾಯಿ ಕಚ್ಚೆ ಬಿಗಿದು ಕೂರುತ್ತಾರೆ, ಎರಡೂ ಕೈ ಮಣ್ಣಿಗೆ ಹಚ್ಚಿ. ಶರಣ್ಯಾ ಬಗ್ಗಿ ಅವರ ಸೆರಗಿನ ಗಂಟು ಬಿಚ್ಚುತ್ತಾಳೆ. ಸೀಟಿಯನ್ನು ಕೊಂಡೊಯ್ದು ಮನೋಜ ಸರ್ ಕೈಗಿಡುತ್ತಾಳೆ.

"ಊದಿ ಸರ್. ನಾನು ರೆಡಿ ಇದ್ದೇನೆ."

ಸರ್ ಒಮ್ಮೆ ಮಾವಶಿಯ ಕಡೆ ನೋಡಿ ಊದುತ್ತಾರೆ. ಶರಣ್ಯಾ ಒಂದು ಗಳಿಗೆ ಕಣ್ಣು ಮುಚ್ಚುತ್ತಾಳೆ, ಆಮೇಲೆ ಓಡುತ್ತಾಳೆ. ಸಾಲಿನ ತುದಿಗೆ ಬಂದು ಗೌರಾಬಾಯಿಯ ಬೆನ್ನು ಮುಟ್ಟಿ ಮೈದಾನವೆಲ್ಲ ಕೇಳುವಂತೆ ಕೂಗುತ್ತಾಳೆ: "ಖೋ!"

ಐವತ್ತು ದಾಟಿದ ಆ ಹೆಂಗಸು ಎದ್ದು ಓಡಿದ್ದನ್ನು ನೀವು ನೋಡಬೇಕಿತ್ತು. ಯಾರನ್ನೂ ಹಿಡಿಯಲಾಗಲಿಲ್ಲ. ಕಂಬ ತಬ್ಬಿಕೊಂಡು ಏದುಸಿರು ಬಿಡುತ್ತ, ಗೆರೆಯಾಚೆ ನಿಂತಿದ್ದ ನನ್ನ ಕಡೆ ತಿರುಗಿದರು.

"ಕಂಬ ಮುಟ್ಟೀನ್ರಿ, ನೋಡಿದ್ರಿಲ್ಲೋ? ಉಳದದ್ದು ಬರೀರಿ, ಬಿಡ್ರಿ. ಇದೊಂದು ಬರಕೋರಿ."