ಎರಡನೆಯ ಟಿಕೆಟ್ಟು

ಗುಡ್ಡದ ಬಡಾವಣೆಯಿಂದ ದೊಡ್ಡಾಸ್ಪತ್ರೆಗೆ ಹೋಗುವ ಬಸ್ಸಿಗೆ ಕಂಡಕ್ಟರಮ್ಮ ಕೆಲಸಕ್ಕೆ ಸೇರಿದಾಗ ಅವಳ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು. ಮಗಳು ಕಾಲೇಜಿನ ಮೆಟ್ಟಿಲು ಹತ್ತಿದಾಗಲೂ ಇವಳು ಅದೇ ಬಸ್ಸಿನ ಹಿಂಬಾಗಿಲಲ್ಲೇ ನಿಂತಿದ್ದಳು. ಸಿಟ್ಟು ಮೂಗಿನ ತುದಿಯಲ್ಲೇ. ಬಾಗಿಲಿಗೆ ಅಂಟಿಕೊಂಡು ನಿಂತವರನ್ನು ಕಂಡರೆ, "ಬಾಗಿಲೇನು ನಿಮ್ಮ ಮಾವ ಬರೆದುಕೊಟ್ಟಿದ್ದಾ? ಒಳಗೆ ನಡೀರಿ" ಎಂದು ಗದರುವಳು. ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಓಡಿ ಬರುವವರು ದೂರದಲ್ಲಿ ಕಂಡರೂ ಸೀಟಿ ಊದದೆ ಬಸ್ಸು ನಿಲ್ಲಿಸಿಕೊಂಡಿರುವವಳೂ ಅವಳೇ ಎಂಬುದು ಎಲ್ಲರಿಗೂ ಗೊತ್ತಿತ್ತು.

ಆ ಬಸ್ಸಿನ ಕಾಯಂ ಗಿರಾಕಿಗಳಲ್ಲಿ ಕೊಡೆ ರಿಪೇರಿ ತಾತ ಒಬ್ಬ. ಗುಡ್ಡದ ಬುಡದಲ್ಲಿ, ಯಾವುದೋ ಕಟ್ಟಡದ ಮೆಟ್ಟಿಲ ಕೆಳಗೆ, ಅವನದೊಂದು ಗೂಡಂಗಡಿ. ಹೆಂಡತಿಯ ಮೂತ್ರಪಿಂಡ ಕೈಕೊಟ್ಟಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ಯಬೇಕು. ಅಜ್ಜಿಯನ್ನು ಕಿಟಕಿಯ ಪಕ್ಕ ಕೂರಿಸಿ ತಾನು ನಿಂತೇ ಬರುವನು. "ಕೂತ್ಕೊಳ್ಳಿ ತಾತ" ಎಂದರೆ, "ದಿನಪೂರ್ತಿ ಕೂತೇ ಇರ್ತೀನಿ ಕಣಮ್ಮ. ಇದೊಂದೇ ನನಗೆ ವ್ಯಾಯಾಮ" ಎನ್ನುವನು.

ಆಮೇಲೆ ನಗರಕ್ಕೆ ಹೊಸ ರೈಲು ಬಂತು. ರೈಲಿಗೆ ಜನ ಸಿಗಲಿ ಎಂದು ಉದ್ದದ ಬಸ್ ಮಾರ್ಗಗಳನ್ನೆಲ್ಲ ತುಂಡರಿಸಿದರು. ಗುಡ್ಡದ ಬಸ್ಸು ಮಾರುಕಟ್ಟೆಯಲ್ಲೇ ನಿಂತುಬಿಡುವುದು, ಅಲ್ಲಿಂದ ಆಸ್ಪತ್ರೆಗೆ ಬೇರೆ ಬಸ್ಸು ಎಂದಾಯಿತು. ಕಂಡಕ್ಟರಮ್ಮನನ್ನು ಆ ಎರಡನೆಯ ಬಸ್ಸಿಗೆ ಹಾಕಿದರು. ಯಾವ ಬಸ್ಸಿನಲ್ಲಾದರೂ ಹತ್ತಿದ ಕೂಡಲೇ ಕೊಡುವ ಮೊದಲ ಹಂತದ ದರವೇ ಜಾಸ್ತಿ, ಮುಂದಿನ ಹಂತಗಳಿಗೆ ಸ್ವಲ್ಪವೇ ಸೇರುತ್ತದೆ. ಹಾಗಾಗಿ ಮೊದಲಿನ ದಾರಿಯಲ್ಲೇ ಮೊದಲಿನಷ್ಟೇ ದೂರ ಹೋಗುವವರು ಈಗ ಹೆಚ್ಚುಕಡಿಮೆ ಎರಡರಷ್ಟು ಕೊಡಬೇಕಾಯಿತು.

ಮೊದಲ ದಿನ ತಾತ ಗುಡ್ಡದ ಬಸ್ಸಿನ ಟಿಕೆಟ್ಟು ತೋರಿಸಿದ.

"ಇದು ನಡೆಯಲ್ಲ ತಾತ. ಇನ್ನೊಂದು ತಗೋಬೇಕು."

"ಯಾಕಮ್ಮ? ದಾರಿ ಅದೇ, ಆಸ್ಪತ್ರೆ ಅದೇ, ನೀನೂ ಅವಳೇ."

"ಬಸ್ಸು ಬೇರೆ."

"ಬಸ್ಸು ಬದಲಾಯಿಸಿದ್ದು ನಾವಲ್ವಲ್ಲಮ್ಮ" ಎಂದು ತಾತ ನಕ್ಕ. ನಗುತ್ತಲೇ ಸೊಂಟದ ಚೀಲಕ್ಕೆ ಕೈಹಾಕಿದ.

ಕೆಲವೇ ವಾರಗಳಲ್ಲಿ ಬಸ್ಸಿನಲ್ಲಿ ಪರಿಚಿತ ಮುಖಗಳು ಕಡಿಮೆಯಾದವು. ಆಸ್ಪತ್ರೆಯ ನೆಲ ಒರೆಸುವ ಹೆಂಗಸರು ಮಾರುಕಟ್ಟೆಯಲ್ಲಿಳಿದು ನಡೆದುಕೊಂಡೇ ಹೋಗತೊಡಗಿದರು. ಬಸ್ಸು ಪಕ್ಕದಲ್ಲಿ ಹಾದಾಗ ಅವರು ಕಂಡಕ್ಟರಮ್ಮನನ್ನು ನೋಡದವರ ಹಾಗೆ ಅಂಗಡಿಗಳ ಕಡೆ ಮುಖ ತಿರುಗಿಸುವರು. ಸೀಟುಗಳು ಖಾಲಿ ಇದ್ದವು. ಅದು ಅವಳ ಮೈ ಉರಿಸುತ್ತಿತ್ತು. ನಡೆಯಲಾಗದ ಅಜ್ಜಿ ಮಾತ್ರ ಬಸ್ಸಿಗೆ ಬರಲೇಬೇಕು. ತಾತ ಒಂದೊಂದು ನಾಣ್ಯವನ್ನೂ ಬೆರಳಲ್ಲಿ ಮುಟ್ಟಿ ನೋಡಿ ಕೊಡುವುದನ್ನು ಕಂಡಕ್ಟರಮ್ಮನಿಗೆ ನೋಡಲಾಗುತ್ತಿರಲಿಲ್ಲ.

ಒಂದಷ್ಟು ದಿನ ಅವಳು ಅವರಿಬ್ಬರ ಟಿಕೆಟ್ಟನ್ನು ತಾನೇ ಹರಿದುಕೊಟ್ಟು, ಡಿಪೋದಲ್ಲಿ ಲೆಕ್ಕ ಒಪ್ಪಿಸುವಾಗ ತನ್ನ ಕೈಯಿಂದ ತುಂಬಿದಳು. ಗಂಡ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದರ್ಜಿ. ಅವನಿಗೆ ಸುಳಿವು ಹತ್ತಿತು.

"ಮಗಳ ಫೀಸು ಕಟ್ಟೋಕೆ ನಾನು ಅವರಿವರ ಕಾಲು ಹಿಡೀತಿದ್ದೀನಿ. ನೀನು ಊರಿಗೆಲ್ಲ ಟಿಕೆಟ್ ತೆಗೆಸ್ತಿದ್ದೀಯ."

"ಊರಿಗೆಲ್ಲ ಎಲ್ಲಿ? ಇಬ್ಬರಿಗೆ."

"ಇವತ್ತು ಇಬ್ಬರು. ಸಾಕು ಮಾಡೇ, ನಿನ್ನ ದಮ್ಮಯ್ಯ."

ಅವನ ಮಾತಲ್ಲಿ ತಪ್ಪೇನಿರಲಿಲ್ಲ. ಮಾರನೆಯ ದಿನ ಅವಳು ಟಿಕೆಟ್ಟು ಹರಿಯಲಿಲ್ಲ. ತಾತ ಚೀಲಕ್ಕೆ ಕೈಹಾಕಿದಾಗ, "ಬೇಡ, ಗುಡ್ಡದ ಟಿಕೆಟ್ಟೇ ಕೈಯಲ್ಲಿ ಇಟ್ಕೊಳ್ಳಿ" ಎಂದು ಮೆಲ್ಲಗೆ ಹೇಳಿ ಮುಂದಕ್ಕೆ ಹೋದಳು. ಆಮೇಲೆ ಅದೇ ರೂಢಿಯಾಯಿತು. ಹೇಗೋ ಸುದ್ದಿ ಹರಡಿ ನೆಲ ಒರೆಸುವವರಲ್ಲಿ ಕೆಲವರು ಮತ್ತೆ ಬಸ್ಸು ಹತ್ತಿದರು. ಅವಳು ಅವರನ್ನೂ ಕೇಳಲಿಲ್ಲ. ಬಸ್ಸಿನಲ್ಲಿ ಮತ್ತೆ ಮಾತುಕತೆ, ನಗು. ಎಷ್ಟೋ ದಿನಗಳ ಮೇಲೆ ಅವಳೂ ಹಗುರಾಗಿ ಗದರತೊಡಗಿದಳು.

ತಪಾಸಣೆಯವರು ಹತ್ತಿದ್ದು ಮೇಲ್ಸೇತುವೆಯ ಕೆಳಗಿನ ನಿಲ್ದಾಣದಲ್ಲಿ. ಒಬ್ಬ ಮುಂದಿನ ಬಾಗಿಲಲ್ಲಿ, ಒಬ್ಬ ಹಿಂದಿನ ಬಾಗಿಲಲ್ಲಿ. ಅವತ್ತು ನೆಲ ಒರೆಸುವವರ ಪಾಳಿ ಇರಲಿಲ್ಲ. ಬಿಸಿಲು ಏರಿತ್ತು. ಅಜ್ಜಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು.

"ಇದು ಗುಡ್ಡದ ಬಸ್ಸಿಂದು. ಈ ಬಸ್ಸಿನ ಟಿಕೆಟ್ ಎಲ್ಲಿ?"

ತಾತ ಕಂಡಕ್ಟರಮ್ಮನ ಮುಖ ನೋಡಿದ.

"ನಾನೇ ಕೊಟ್ಟಿಲ್ಲ ಸಾರ್" ಎಂದಳು ಅವಳು. "ಅವರು ಕೇಳಿದ್ರು, ನಾನೇ ಬೇಡ ಅಂದೆ. ಬರೆದುಕೊಳ್ಳೋದಿದ್ರೆ ನನ್ನ ಮೇಲೆ ಬರೆದುಕೊಳ್ಳಿ."

"ನಿಮ್ಮದು ಆಮೇಲೆ ಬರೀತೀವಿ. ಟಿಕೆಟ್ ಇಲ್ದೆ ಕೂತವರು ದಂಡ ಕಟ್ಟಬೇಕು. ಇಲ್ಲಾಂದ್ರೆ ಇಳೀಬೇಕು."

"ನಾನು ಕಟ್ತೀನಿ ಸಾರ್."

"ಡ್ಯೂಟಿ ಮೇಲೆ ಸ್ವಂತ ದುಡ್ಡು ಇಟ್ಕೊಂಡಿದ್ದೀರಾ? ಅದನ್ನೂ ಬರೀಬೇಕಾ?"

ಇಟ್ಟುಕೊಳ್ಳುವ ಹಾಗಿರಲಿಲ್ಲ. ಅವಳ ಬಳಿ ಇರಲೂ ಇಲ್ಲ. ಚೀಲದಲ್ಲಿದ್ದದ್ದೆಲ್ಲ ಸಾರಿಗೆಯವರದು. ಹಿಂದಿನ ಸೀಟಿನಲ್ಲಿ ಯಾರೋ, "ಟಿಕೆಟ್ ತಗೊಂಡಿದ್ರೆ ಇಷ್ಟೆಲ್ಲ ಆಗ್ತಿತ್ತಾ" ಎಂದು ಗೊಣಗಿದರು. ಉಳಿದವರು ಹೊರಗೆ ನೋಡುತ್ತಿದ್ದರು.

"ನಾವು ಕಳ್ಳರಲ್ಲ ಸ್ವಾಮಿ" ಎಂದ ತಾತ. ಅಷ್ಟು ಹೇಳಿ ಹೆಂಡತಿಯನ್ನು ಎಬ್ಬಿಸಿದ. ಏಕೆ ಇಳಿಯುತ್ತಿದ್ದೇವೆಂದು ಅಜ್ಜಿಗೆ ತಿಳಿಯಲಿಲ್ಲ. "ಆಸ್ಪತ್ರೆ ಬಂತಾ?" ಎಂದು ಕೇಳಿದಳು.

ಬಸ್ಸು ಹೊರಟಿತು. ಹಿಂದಿನ ಗಾಜಿನಲ್ಲಿ ಅವರಿಬ್ಬರೂ ರಸ್ತೆ ಬದಿಯಲ್ಲಿ ನಿಂತಿದ್ದುದು ಕಾಣಿಸಿತು. ಹಿಂದೆ ಬರುತ್ತಿದ್ದ ಗಾಡಿಗಳು ಅಡ್ಡ ಬಂದು ಆಮೇಲೆ ಕಾಣಿಸಲಿಲ್ಲ.

ಕಂಡಕ್ಟರಮ್ಮನನ್ನು ಅಮಾನತಿನಲ್ಲಿಟ್ಟರು. ವಿಚಾರಣೆಯಲ್ಲಿ ಅವಳು ಯಾವುದನ್ನೂ ಅಲ್ಲಗಳೆಯಲಿಲ್ಲ. "ಎಷ್ಟು ತಗೊಂಡಿದ್ರಿ ಅವರ ಹತ್ರ?" ಎಂಬ ಪ್ರಶ್ನೆ ಬಂದಾಗ ಮಾತ್ರ ಅವಳಿಗೆ ಅಳು ಬಂತು. ಏನೂ ತೆಗೆದುಕೊಳ್ಳದೆ ಯಾರಾದರೂ ಹೀಗೆ ಮಾಡುತ್ತಾರೆಂದು ನಂಬಲು ಅಲ್ಲಿ ಯಾರೂ ತಯಾರಿರಲಿಲ್ಲ. ಗಂಡ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ಊಟ ಮಾಡು ಹೋಗು" ಎಂದ.

ಅಜ್ಜಿ ತೀರಿಕೊಂಡ ಸುದ್ದಿಯನ್ನು ಅವಳಿಗೆ ಹೇಳಿದ್ದು ಆಸ್ಪತ್ರೆಯ ನೆಲ ಒರೆಸುವವರಲ್ಲೊಬ್ಬ ಹೆಂಗಸು. ಬಸ್ಸಿನಿಂದ ಇಳಿಸಿದ ಮೇಲೆ ತಾತ ಆ ಎರಡನೆಯ ಬಸ್ಸನ್ನು ಹತ್ತಲೇ ಇಲ್ಲವಂತೆ. ಮಾರುಕಟ್ಟೆಯಿಂದ ಅಜ್ಜಿಯನ್ನು ನಡೆಸಿಕೊಂಡು, ಅಂಗಡಿ ಕಟ್ಟೆಗಳ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದನಂತೆ. ತಲುಪುವ ಹೊತ್ತಿಗೆ ಎಷ್ಟೋ ಸಲ ಅವಳ ಸರದಿಯ ಡಯಾಲಿಸಿಸ್ ಯಂತ್ರ ಬೇರೆಯವರಿಗೆ ಹೋಗಿರುತ್ತಿತ್ತು. ಕಾಲು ಊದಿತು, ಉಸಿರು ಕಟ್ಟಿತು. ನಡಿಗೆಯಿಂದಲೇ ಹೀಗಾಯಿತೆಂದು ಯಾವ ಡಾಕ್ಟರೂ ಹೇಳಲಿಲ್ಲ. ಅದರಿಂದ ಆಗಲಿಲ್ಲವೆಂದೂ ಹೇಳಲಿಲ್ಲ.

ಕಂಡಕ್ಟರಮ್ಮ ಗೂಡಂಗಡಿಗೆ ಹೋದಳು. ತಾತ ಒಂದು ಕೊಡೆಯ ಕಡ್ಡಿಗೆ ತಂತಿ ಸುತ್ತುತ್ತಿದ್ದ. ಕೂರಲು ಡಬ್ಬಿ ಸರಿಸಿಕೊಟ್ಟ. ಅವಳು ಏನೇನೋ ಹೇಳಬೇಕೆಂದು ಬಂದಿದ್ದಳು.

"ಕೆಲಸ ಹೋಯ್ತಂತೆ?" ಎಂದ ಅವನೇ.

"ವಾಪಸ್ ತಗೋಬಹುದು ಅಂತಾರೆ."

"ತಗೊಳ್ಳಲಿ." ತಂತಿಯನ್ನು ಹಲ್ಲಲ್ಲಿ ಕಚ್ಚಿ ಬಿಗಿ ಮಾಡಿದ. ಕೊಡೆ ಬಿಚ್ಚಿ ನೋಡುತ್ತ ಹೇಳಿದ, "ನಿನ್ನ ಮೇಲೆ ನನಗೆ ಕೋಪ ಇಲ್ಲ ಕಣಮ್ಮ. ಆದ್ರೆ ನೀನು ಟಿಕೆಟ್ ಕೊಟ್ಟಿದ್ರೇ ಚೆನ್ನಾಗಿತ್ತು. ಹೇಗೋ ಹೊಂದಿಸ್ತಿದ್ದೆ. ಅವಳು ಕಳ್ಳಿ ಅನ್ನಿಸ್ಕೊಂಡು ಇಳೀಬಾರದಿತ್ತು."

ಅವಳು ಎದ್ದು ಡಬ್ಬಿಯನ್ನು ಮೊದಲಿದ್ದಲ್ಲಿಗೆ ಸರಿಸಿಟ್ಟಳು.

ದರದ ಬಗ್ಗೆ ಸಾರಿಗೆಯವರು ಜನರ ಸಭೆ ಕರೆದಾಗ ಅವಳು ಹೋದಳು. ಎದ್ದು ನಿಂತು, ಮಾರ್ಗ ತುಂಡು ಮಾಡಿದವರು ನೀವು, ತುಂಡಿಗೊಂದು ದರ ಅಂತ ಜನರಿಂದ ಕೀಳಬೇಡಿ, ಒಂದೇ ಟಿಕೆಟ್ಟಲ್ಲಿ ಬಸ್ಸು ಬದಲಾಯಿಸೋಕೆ ಬಿಡಿ ಎಂದಳು. ವೇದಿಕೆಯ ಮೇಲಿದ್ದವರು ಸಮಾಧಾನದಿಂದಲೇ ಕೇಳಿದರು. ಆದರೆ ನೌಕರರ ಮಾತು ಈ ಸಭೆಯ ದಾಖಲೆಗೆ ಬರುವುದಿಲ್ಲ ಎಂದು ವಿನಯದಿಂದಲೇ ತಿಳಿಸಿದರು.

ಅಷ್ಟಾದರೂ ಮುಂದಿನ ವರ್ಷ ಬದಲಾವಣೆ ಬಂತು. ಮೊದಲ ಟಿಕೆಟ್ಟು ಕೊಂಡ ಒಂದು ಗಂಟೆಯೊಳಗೆ ಎರಡನೆಯ ಬಸ್ಸು ಹತ್ತಿದರೆ ಹೊಸ ಟಿಕೆಟ್ಟು ಬೇಡ. ಅಷ್ಟರಲ್ಲಿ ಅವಳನ್ನೂ ಕೆಲಸಕ್ಕೆ ವಾಪಸ್ ತೆಗೆದುಕೊಂಡು ಅದೇ ಬಸ್ಸಿಗೆ ಹಾಕಿದ್ದರು. ಮೊದಲ ದಿನ ಅವಳಿಗೆ ಇನ್ನು ಯಾರನ್ನೂ ಎರಡನೆಯ ಟಿಕೆಟ್ಟು ಕೇಳಬೇಕಾಗಿಲ್ಲವೆಂಬ ಆಸೆ. ಆದರೆ ಜನ ಕಡಿಮೆಯಾದರೆಂದು ಈ ನಡುವೆ ಬಸ್ಸುಗಳನ್ನೂ ಕಡಿಮೆ ಮಾಡಿದ್ದರು. ಗುಡ್ಡದಿಂದ ಬಂದವರು ಮಾರುಕಟ್ಟೆಯಲ್ಲಿ ಕಾದು ಕಾದು ಹತ್ತುವಷ್ಟರಲ್ಲಿ ಗಂಟೆ ಮುಗಿದಿರುತ್ತಿತ್ತು. ಹೊಸ ಮಷೀನಿಗೆ ಹಳೆಯ ಟಿಕೆಟ್ಟು ಹಿಡಿದರೆ ಕೆಂಪು ದೀಪ.

"ಬಸ್ಸು ಬಂದಿದ್ದೇ ಈಗ, ನೀವೇ ನೋಡಿದ್ರಲ್ಲ" ಎಂದಳು ನೆಲ ಒರೆಸುವ ಹೆಂಗಸು.

"ನೋಡ್ದೆ" ಎಂದಳು ಕಂಡಕ್ಟರಮ್ಮ. "ಟಿಕೆಟ್ ತಗೋ."

ಆ ಹೆಂಗಸು ಅವಳನ್ನೊಮ್ಮೆ ನೋಡಿ ಇಳಿದುಹೋದಳು.

ಅದಾದ ಮೇಲೆ ಹೆಚ್ಚು ದಿನ ಅವಳು ಆ ಕೆಲಸ ಮಾಡಲಿಲ್ಲ. ಕೇಳಿಕೊಂಡು ಡಿಪೋದಲ್ಲಿ ಬಸ್ಸು ತೊಳೆಯುವ ಕಡೆಗೆ ಹಾಕಿಸಿಕೊಂಡಳು. ಸಂಬಳ ಕಡಿಮೆ, ಬೆನ್ನು ನೋವು ಹೆಚ್ಚು. ಗಂಡನಿಗೂ ಮಗಳಿಗೂ ಇದು ಅರ್ಥವಾಗಿಲ್ಲ. ಅವಳೂ ವಿವರಿಸಲು ಹೋಗಿಲ್ಲ. ಅಲ್ಲಿಗೆ ಬರುವ ಬಸ್ಸುಗಳಲ್ಲಿ ಜನ ಇರುವುದಿಲ್ಲ.